ಲೋಭಕ್ಕೆ ಎದುರಾದ ಗುಣ ಯಾವುದು?

ಲೋಭಕ್ಕೆ ಎದುರಾದ ಗುಣ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡಮಾಡದೆ ಕೊಡುವ ಉತ್ತರ ಒಂದೇ: ದಾನ. ಹಾಗೆ ಹೇಳುವುದಕ್ಕೆ ನಮ್ಮ ನೆಲದಲ್ಲಿ ಕಾರಣಗಳೂ ಉಂಟು. ಗದಗಿನಿಂದ ಮೂಡಲಿಗೆ ಹೊರಟರೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿ ಇಂದಿಗೂ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಯನ್ನು ನಾಡು ದಾನಚಿಂತಾಮಣಿ ಎಂದು ಕರೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ಬಾಳು ಕಂಡದ್ದು ಊರೂರಿನವರು ಜೋಳಿಗೆಗೆ ಹಾಕಿದ ಕಾಳಿನ ಬಲದಿಂದ. ಕೊಡುವ ಕೈ ದೊಡ್ಡದೆಂಬುದು ಇಲ್ಲಿ ಬರಿಯ ಬಾಯಿಮಾತಲ್ಲ, ಕಣ್ಣಿಂದ ಕಾಣಬಹುದಾದ ಸಂಗತಿ.

ಆದರೂ ಈ ಉತ್ತರದಲ್ಲಿ ಏನೋ ಒಂದು ಕೊರತೆಯಿದೆಯೆಂದು ನನಗೆ ಕೆಲವು ವರ್ಷಗಳಿಂದ ಅನಿಸತೊಡಗಿದೆ. ಲೋಭಿಯೂ ದಾನ ಮಾಡುತ್ತಾನಲ್ಲವೆ? ತೂಕದಲ್ಲಿ ಮೋಸ ಮಾಡಿದವನು ಗುಡಿಗೆ ಗಂಟೆ ಕಟ್ಟಿಸುತ್ತಾನೆ. ಕೂಲಿಯವರ ಹಣ ಮುರಿದುಕೊಂಡವನು ಜಾತ್ರೆಯ ಅನ್ನಸಂತರ್ಪಣೆಗೆ ಎಲ್ಲರಿಗಿಂತ ಮುಂದಾಗುತ್ತಾನೆ. ನಮ್ಮ ಭಾಗದ ಹತ್ತಿಯ ಕಥೆಯನ್ನೇ ನೋಡಿರಿ. 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಹೊಲಗಳಿಗೆ ಅಮೆರಿಕದ ಹತ್ತಿಬೀಜ ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಅರಳೆ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾಯಿತು. ನಮ್ಮ ಅರಳೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಬೆಲೆಯ ಬೆನ್ನಿಗೇ ಕಲಬೆರಕೆಯೂ ಬಂದಿತು. ಬೀಜ, ಮಣ್ಣು, ಕೀಳುತರದ ಅರಳೆ ಇವನ್ನೆಲ್ಲ ಒಳ್ಳೆಯದರಲ್ಲಿ ಬೆರೆಸಿ ಮಾರುವ ಕೆಲಸ ಎಷ್ಟು ಹಬ್ಬಿತೆಂದರೆ, ಹತ್ತಿಯ ಮೋಸವನ್ನು ತಡೆಯುವುದಕ್ಕೆಂದೇ ಮುಂಬಯಿ ಸರಕಾರ 1863ರಲ್ಲಿ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಆ ಲಾಭದಲ್ಲಿ ದೇವರ ಹುಂಡಿಗೆ ಎಷ್ಟು ಬಿದ್ದಿತೆಂದು ಲೆಕ್ಕವಿಟ್ಟವರಿಲ್ಲ. ಬೀಳದೆ ಇದ್ದೀತೆಂದು ನಾನಂತೂ ನಂಬಲಾರೆ. ಹಾಗಾದರೆ ಆ ದಾನ ಲೋಭಕ್ಕೆ ಎದುರಾಗಿ ನಿಂತಿತೋ, ಇಲ್ಲವೆ ಅದಕ್ಕೆ ಬೆನ್ನಾಸರೆಯಾಗಿ ನಿಂತಿತೋ?

ಈ ಪ್ರಶ್ನೆಯನ್ನು ನನಗೆ ನಿಚ್ಚಳಮಾಡಿ ತೋರಿಸಿದ್ದು ಕ್ರೈಸ್ತ ಉಪದೇಶ. ನಾನು ಕ್ರೈಸ್ತನಲ್ಲ, ಕನ್ನಡ ಕಲಿಸುವವನು. ಆದರೆ ಕನ್ನಡ ಕಲಿಸುವವನ ಮೇಜಿನ ಮೇಲೆ 1894ರಲ್ಲಿ ಹೊರಬಂದ ಕಿಟ್ಟೆಲರ ಕೋಶ ಇರಲೇಬೇಕಷ್ಟೆ. ಆ ಕೋಶವನ್ನು ತೆರೆದವನಿಗೆ ಅದನ್ನು ಕಟ್ಟಿದವರ ಧರ್ಮಗ್ರಂಥವನ್ನೂ ಒಮ್ಮೆ ತೆರೆದು ನೋಡೋಣವೆನಿಸುವುದು ಸಹಜ. ಅವರನ್ನು ಕಳಿಸಿದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದಿತು. ನೇಕಾರರ ಊರಾದ ಬೆಟಗೇರಿಯಲ್ಲಿ ಮಿಶನ್ನಿನ ಶಾಲೆ, ಆಸ್ಪತ್ರೆಗಳು ಬೆಳೆದವು. ಆ ಆಸ್ಪತ್ರೆಗೆ ಜರ್ಮನ್ ಆಸ್ಪತ್ರೆ ಎನ್ನುವ ರೂಢಿ ಹಳಬರಲ್ಲಿ ಹೋಗಿಲ್ಲ. ಮತಾಂತರದ ವಿಷಯವಾಗಿ ಮಿಶನ್ನಿನವರಿಗೂ ಊರವರಿಗೂ ಇದ್ದ ವಾದ ಬೇರೆಯ ಮಾತು, ಅದನ್ನಿಲ್ಲಿ ಎತ್ತಿಕೊಳ್ಳುವುದಿಲ್ಲ. ನನ್ನ ಗಮನ ಸೆಳೆದ ಸಂಗತಿ ಇದು: ಸುವಾರ್ತೆಗಳಲ್ಲಿ ಸ್ವರ್ಗದ ಮಾತು ಬರುವ ಕಡೆಯಲ್ಲೆಲ್ಲ ಸಾಲ, ಕೂಲಿ, ಹೊಲ, ಪಾರುಪತ್ಯ, ಕಳೆದುಹೋದ ನಾಣ್ಯ ಇವುಗಳ ಮಾತೂ ಬರುತ್ತದೆ. ಪರಲೋಕದ ದಾರಿ ಸಂತೆಯೊಳಗಿಂದಲೇ ಹಾಯ್ದು ಹೋಗುತ್ತದೆಂದು ಆ ಗುರು ಬಲ್ಲವನಾಗಿದ್ದ.

ಲೂಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಯೇಸು ಜನರಿಗೆ ಬೋಧಿಸುತ್ತಿರುವಾಗ ಗುಂಪಿನೊಳಗಿಂದ ಒಬ್ಬನು ಎದ್ದು, ತಂದೆಯ ಆಸ್ತಿಯಲ್ಲಿ ನನ್ನ ಪಾಲನ್ನು ಕೊಡುವಂತೆ ನನ್ನ ಅಣ್ಣನಿಗೆ ಹೇಳಬೇಕೆಂದು ಬೇಡಿಕೊಳ್ಳುತ್ತಾನೆ. ಯೇಸು ಪಂಚನಾಗಲು ಒಪ್ಪುವುದಿಲ್ಲ. ನಿಮ್ಮ ಪಾಲು ಹಂಚಲು ನನ್ನನ್ನು ಯಾರು ನೇಮಿಸಿದರೆಂದು ಕೇಳಿ, ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಎಲ್ಲರಿಗೂ ಹೇಳುತ್ತಾನೆ. ಬೇಡಿದವನ ಪಾಲು ನ್ಯಾಯವಾದುದೇ ಇದ್ದೀತು. ಅದನ್ನು ಆತ ಅಲ್ಲಗಳೆಯುವುದಿಲ್ಲ. ನ್ಯಾಯವಾದ ಪಾಲಿನ ಮರೆಯಲ್ಲಿಯೂ ಲೋಭ ಕುಳಿತಿರಬಹುದೆಂಬುದಷ್ಟೇ ಆತನ ಎಚ್ಚರಿಕೆ.

ಈ ಪ್ರಸಂಗ ನನಗೆ ನಾಟಿದ್ದಕ್ಕೆ ಕಾರಣ ನನ್ನ ಮನೆಯದೇ. ಮುಂಡರಗಿ ತಾಲೂಕಿನಲ್ಲಿ ನಮ್ಮದೊಂದು ಹೊಲ. ತಂದೆ ತೀರಿಕೊಂಡ ಮೇಲೆ ವಾಟಣಿಯ ಮಾತು ಬಂದಿತು. ಬಾವಿಯ ಕಡೆಯ ತುಂಡು ನನಗೆ ಬರಲೆಂದು ನನ್ನ ಆಸೆ. ಅಣ್ಣ ದಾಂಡೇಲಿಯಲ್ಲಿ ಸಣ್ಣ ನೌಕರಿಯಲ್ಲಿದ್ದವನು; ಅವನಿಗೆ ಆ ಹೊಲ ಕಾಣುವುದೇ ವರ್ಷಕ್ಕೊಮ್ಮೆ. ಹಿರಿಯರಾದ ಕಾಕಾ ಅವರನ್ನು ಒಂಟಿಯಾಗಿ ಕಂಡು, ನನ್ನ ಪರವಾಗಿ ಅಣ್ಣನಿಗೆ ಒಂದು ಮಾತು ಹೇಳಿರೆಂದೆ. ಅವರು ಎಲೆಗೆ ಸುಣ್ಣ ಸವರುತ್ತ, “ಹೊಲಾ ಅಳೀಲಿಕ್ಕೆ ಸರಪಳಿ ಐತಿ ತಮ್ಮಾ. ನಿನ್ನ ಆಸೆ ಅಳೀಲಿಕ್ಕೆ ನನ್ನ ಕಡೆ ಏನೈತಿ?” ಎಂದರು. ಸುವಾರ್ತೆಯನ್ನು ಎಂದೂ ಓದದ ಆ ಮುದುಕ ಅದರ ಉತ್ತರವನ್ನೇ ಕೊಟ್ಟಿದ್ದ. ಆಗ ನನಗೆ ಸಿಟ್ಟು ಬಂದಿತೇ ಹೊರತು ತಿಳಿವಳಿಕೆ ಬರಲಿಲ್ಲ.

ಆ ಎಚ್ಚರಿಕೆಯ ಬೆನ್ನಿಗೆ ಯೇಸು ಒಂದು ಕಥೆ ಹೇಳುತ್ತಾನೆ. ಒಬ್ಬ ಸಾಹುಕಾರನ ಹೊಲ ಸಮೃದ್ಧವಾಗಿ ಬೆಳೆಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಇದ್ದ ಹಗೇವು ಸಾಲದಾಯಿತು. ಹಳೆಯವನ್ನು ಕೆಡವಿ ದೊಡ್ಡವನ್ನು ಕಟ್ಟಿಸುತ್ತೇನೆ, ಕಾಳನ್ನೆಲ್ಲ ತುಂಬಿಡುತ್ತೇನೆ, ಮುಂದೆ ಬಹಳ ವರ್ಷ ತಿಂದು ಕುಡಿದು ಸುಖವಾಗಿರುತ್ತೇನೆ ಎಂದು ಅವನು ಯೋಚಿಸಿದ. ಅದೇ ರಾತ್ರಿ ಅವನ ಪ್ರಾಣ ಹೋಯಿತು. ಈ ಕಥೆಯನ್ನು ಸಾಮಾನ್ಯವಾಗಿ ಜೀವ ನೆಚ್ಚತಕ್ಕದ್ದಲ್ಲ ಎಂಬ ನೀತಿಗೆ ಹೇಳುತ್ತಾರೆ. ಅಷ್ಟೇ ಆಗಿದ್ದರೆ ಅದನ್ನು ಹೇಳಲು ಗುರು ಬೇಕಿರಲಿಲ್ಲ, ಮಸಣವೇ ಸಾಕಾಗಿತ್ತು. ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಈ ಸಾಹುಕಾರ ಕಳ್ಳನಲ್ಲ. ಯಾರ ತೂಕದಲ್ಲಿಯೂ ಹೊಡೆದುಕೊಂಡವನಲ್ಲ. ಭೂಮಿ ಕೊಟ್ಟಿತು, ಇವನು ತುಂಬಿದ. ಎರಡು, ಅವನ ಯೋಚನೆಯಲ್ಲೆಲ್ಲ ಇರುವುದು ನಾನು, ನನ್ನದು ಎಂಬ ಮಾತುಗಳೇ. ಇನ್ನೊಬ್ಬ ಮನುಷ್ಯನ ಸುಳಿವಿಲ್ಲ. ಹೊಲ ಕೊಯ್ದವರಾರು, ಕಾಳು ತೂರಿದವರಾರು, ಕಣದಲ್ಲಿ ಆಯಕ್ಕೆಂದು ಬಂದು ನಿಂತವರಾರು, ಒಬ್ಬರೂ ಕಾಣಿಸುವುದಿಲ್ಲ. ತನ್ನ ಜೀವದೊಡನೆಯೇ ಅವನು ಮಾತಾಡುತ್ತಾನೆ. ಲೋಭವೆಂದರೆ ಬಹಳ ಇರುವುದಲ್ಲ. ಇರುವುದರ ಲೆಕ್ಕವನ್ನು ಒಬ್ಬನೇ ಕುಳಿತು ಮಾಡುವುದು ಎಂದು ಈ ಕಥೆಯ ಅಭಿಪ್ರಾಯವಾಗಿರಬೇಕು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಲೋಭಕ್ಕೆ ಬಳಸಿದ ಪದದ ಅರ್ಥ, ಇನ್ನೂ ಹೆಚ್ಚು ಬೇಕೆನ್ನುವುದು ಎಂದು. ಬೇಕೆನ್ನುವುದಕ್ಕೆ ಅಡ್ಡಿಯಿಲ್ಲ, ಆ ಇನ್ನೂ ಎಂಬುದಕ್ಕೇ ತಡೆ. ಪೌಲನು ಇದನ್ನು ವಿಗ್ರಹಪೂಜೆಗೆ ಸಮನೆಂದ. ದೇವರಿಗೆ ಸಲ್ಲತಕ್ಕ ನಂಬಿಕೆಯನ್ನು ಮನುಷ್ಯ ಹಗೇವಿಗೆ ಸಲ್ಲಿಸುತ್ತಾನೆಂಬುದು ಅವನ ಭಾವ. ಅದಕ್ಕೂ ಹಿಂದಿನ ವಿಮೋಚನಕಾಂಡದಲ್ಲಿ, ಅರಣ್ಯದಲ್ಲಿ ಹಸಿದ ಜನರಿಗೆ ಬೆಳಗು ಬೆಳಗು ಆಕಾಶದಿಂದ ಮನ್ನವೆಂಬ ಆಹಾರ ಬಿದ್ದಿತೆಂಬ ಕಥೆಯುಂಟು. ಆಯಾ ದಿನಕ್ಕೆ ಸಾಕಾಗುವಷ್ಟನ್ನು ಆರಿಸಿಕೊಳ್ಳಬೇಕು. ನಾಳೆಗೆಂದು ಇಟ್ಟುಕೊಂಡವರ ಪಾತ್ರೆಯಲ್ಲಿ ಅದು ಹುಳು ಬಿದ್ದು ನಾರಿತು. ಇದನ್ನು ಓದಿದ ಕನ್ನಡಿಗನಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುತ್ತಾಳೆಯೆ? ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ತಂದ ಕಡೆಯಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಆಕೆ. ಅದನ್ನು ದಾಸೋಹಕ್ಕೆ ಬಳಸಿದರಾಯಿತೆಂದು ಆಕೆ ಹೇಳಲಿಲ್ಲ. ಕಲ್ಯಾಣದಲ್ಲಿಯೂ ಅರಣ್ಯದಲ್ಲಿಯೂ ಕಂಡ ಸತ್ಯ ಒಂದೇ: ತನ್ನದಲ್ಲದ್ದನ್ನು ದಾನ ಮಾಡಿದರೆ ಅದು ಶುದ್ಧವಾಗುವುದಿಲ್ಲ.

ಇಲ್ಲಿಗೆ ನಮ್ಮ ಪ್ರಶ್ನೆಯ ಮರ್ಮಕ್ಕೆ ಬಂದೆವು. ಯೆರಿಕೋ ಎಂಬ ಊರಿನಲ್ಲಿ ಜಕ್ಕಾಯನೆಂಬ ಸುಂಕದ ಮುಖ್ಯಸ್ಥನಿದ್ದ. ರೋಮಿನವರ ಆಳಿಕೆಯಲ್ಲಿ ಸುಂಕವೆಂಬುದು ಗುತ್ತಿಗೆಯ ಧಂದೆ. ಸರಕಾರಕ್ಕೆ ಸಲ್ಲಿಸಬೇಕಾದುದಕ್ಕಿಂತ ಮೇಲೆ ಹಿಂಡಿದ್ದೆಲ್ಲ ಹಿಂಡಿದವನದು. ಕುಳ್ಳನಾದ ಈತ ಯೇಸುವನ್ನು ನೋಡಲೆಂದು ಮರ ಹತ್ತಿದ. ಯೇಸು ಅವನನ್ನು ಕೆಳಗೆ ಕರೆದು ಅವನ ಮನೆಗೇ ಊಟಕ್ಕೆ ಹೋದ. ಆಗ ಜಕ್ಕಾಯ ಎದ್ದುನಿಂತು ಎರಡು ಮಾತು ಕೊಟ್ಟ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂಬುದು ಮೊದಲನೆಯದು. ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂಬುದು ಎರಡನೆಯದು. ಈ ಎರಡು ಮಾತುಗಳನ್ನು ಅವನು ಒಂದರಲ್ಲೊಂದು ಕಲಸಲಿಲ್ಲವೆಂಬುದನ್ನು ಗಮನಿಸಿರಿ. ಬಡವರಿಗೆ ಕೊಡುವುದು ದಾನದ ಖಾತೆ. ಕಿತ್ತುಕೊಂಡವರಿಗೆ ತಿರುಗಿ ಕೊಡುವುದು ಸಾಲದ ಖಾತೆ. ಅರ್ಧ ಆಸ್ತಿಯನ್ನೇ ಕೊಟ್ಟೆನಲ್ಲ, ಹಳೆಯ ಲೆಕ್ಕ ಅದರಲ್ಲಿ ತೀರಿತೆಂದು ಹೇಳಿದ್ದರೆ ಊರು ಒಪ್ಪುತ್ತಿತ್ತೋ ಏನೋ. ಅವನು ಹಾಗೆ ಹೇಳಲಿಲ್ಲ. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಮೋಸದಿಂದ ಪಡೆದುದನ್ನು ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು. ನಾಲ್ಕರಷ್ಟೆಂಬುದು ಕುರಿಕಳ್ಳನಿಗೆ ವಿಧಿಸಿದ ದಂಡ. ಜಕ್ಕಾಯ ತನ್ನನ್ನು ಯಾರೂ ಹೇಳದೆ ಕುರಿಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ.

ಇದೇ ಮಾತನ್ನು ಮತ್ತಾಯನ ಸುವಾರ್ತೆ ಇನ್ನೂ ಕಟುವಾಗಿ ಹೇಳುತ್ತದೆ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿರುವಾಗ, ನಿನ್ನ ಮೇಲೆ ನಿನ್ನ ಸಹೋದರನ ದೂರು ಇದೆಯೆಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗಬೇಕು. ಆಮೇಲೆ ಬಂದು ದೇವರಿಗೆ ಕೊಡಬೇಕು. ದೇವರೇ ಸರದಿಯಲ್ಲಿ ಹಿಂದೆ ನಿಂತು ಸಾಲಗಾರನನ್ನು ಅಣ್ಣನ ಮನೆಗೆ ಕಳಿಸುವ ಈ ಮಾತನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ.

ಮುಚ್ಚಿಡಲು ಕಾರಣವನ್ನೂ ಹೇಳಿಬಿಡುತ್ತೇನೆ. ವಾಟಣಿಗೆ ಮೊದಲಿನ ಮೂರು ವರ್ಷ ಆ ಹೊಲದ ಲಾವಣಿ ಹಣ ನನ್ನ ಕೈಗೇ ಬರುತ್ತಿತ್ತು. ಅದರಲ್ಲಿ ಅರ್ಧ ಅಣ್ಣನದು. ತಂದೆಯ ಔಷಧಕ್ಕೆ ನಾನೇ ಓಡಾಡಿದ್ದೆ, ಊರಿಗೆ ಹೋಗಿಬರುವ ಖರ್ಚು ನನ್ನದೇ ಎಂದು ನನ್ನೊಳಗೇ ಕೂಡಿಸಿ ಕಳೆದು, ಕೊಡತಕ್ಕದ್ದು ಏನೂ ಉಳಿದಿಲ್ಲವೆಂದು ತೀರ್ಮಾನಿಸಿದ್ದೆ. ಆ ಸಾಹುಕಾರನಂತೆ ಲೆಕ್ಕ ನಾನೊಬ್ಬನೇ ಕುಳಿತು ಮಾಡಿದ್ದು. ಆಮೇಲೆ ತಂದೆಯ ಹೆಸರಿನಲ್ಲಿ ಊರ ಶಾಲೆಗೊಂದು ಕೋಣೆ ಕಟ್ಟಿಸಲು ಹಣ ಕೊಟ್ಟೆ. ಕಲ್ಲಿನ ಮೇಲೆ ತಂದೆಯ ಹೆಸರು, ಕೆಳಗೆ ನನ್ನದು. ಹಾರ ಹಾಕಿದರು, ನಾನು ಸೇವೆಯ ವಿಷಯವಾಗಿ ಭಾಷಣವನ್ನೂ ಮಾಡಿದೆ. ಅಣ್ಣ ಬಂದಿದ್ದ. ಹಿಂದಿನ ಸಾಲಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ಎಲ್ಲವನ್ನೂ ಕೇಳಿ, ಒಂದು ಮಾತೂ ಆಡದೆ ಸಂಜೆಯ ಬಸ್ಸಿಗೆ ಹೋದ. ಆ ಕೋಣೆಯ ಗೋಡೆಯಲ್ಲಿ ಅವನ ಹಣ ಎಷ್ಟಿತ್ತೆಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆದುದರಿಂದ ಲೋಭಕ್ಕೆ ಎದುರಾದ ಗುಣ ದಾನವಲ್ಲ, ಪ್ರಾಮಾಣಿಕತೆ ಎಂದು ನಾನು ಹೇಳಬಯಸುತ್ತೇನೆ. ಪ್ರಾಮಾಣಿಕತೆಯೆಂದರೆ ಸುಳ್ಳು ಹೇಳದಿರುವುದಷ್ಟೇ ಅಲ್ಲ. ನನ್ನ ಲೆಕ್ಕವನ್ನು ನೆರೆಯವನ ಕಣ್ಣ ಮುಂದೆ ಇಡಲು ಸಿದ್ಧನಾಗಿರುವುದು. ದಾನದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ಲೆಕ್ಕ ತೋರಿಸುವಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಲೋಭಿ ಹಣ ಬಿಡಲು ಒಪ್ಪಿಯಾನು, ಆ ಚಾಪೆಗೆ ಇಳಿಯಲು ಒಪ್ಪುವುದಿಲ್ಲ.

ಇದು ಒಬ್ಬೊಬ್ಬರ ಮನಸ್ಸಿನ ಮಾತಾಯಿತು. ಊರಿನ ಬದುಕಿನಲ್ಲಿ ಇದು ನಡೆದೀತೆ ಎಂದು ಕೇಳಬಹುದು. ನಡೆದುದಕ್ಕೆ ಒಂದು ಕಥೆಯುಂಟು. ಅದು ಜರ್ಮನಿಯಲ್ಲಿ ಮೊದಲಾಗಿ ನಮ್ಮ ಗದಗಿನ ಬಾಗಿಲಿಗೇ ಬಂದು ಮುಟ್ಟಿತು. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬಾತ 1818ರಲ್ಲಿ ಹುಟ್ಟಿದವನು, ದೈವಭಕ್ತ. 1845ರಲ್ಲಿ ವೈಯರ್‌ಬುಷ್ ಎಂಬ ಬಡ ಗುಡ್ಡಗಾಡು ಸೀಮೆಯ ಆಡಳಿತಾಧ್ಯಕ್ಷನಾದ. 1846-47ರ ಚಳಿಗಾಲದಲ್ಲಿ ಅಲ್ಲಿ ಹಸಿವು ಬಿದ್ದಿತು. ಸರಕಾರ ಕಾಳುಹಿಟ್ಟು ಕಳಿಸಿತು. ಆದರೆ ನಗದು ಕೊಟ್ಟವರಿಗೇ ಕೊಡತಕ್ಕದ್ದೆಂದು ಅಪ್ಪಣೆಯನ್ನೂ ಕಳಿಸಿತು. ರೈಫೈಸನ್ ಅಪ್ಪಣೆಯನ್ನು ಬದಿಗಿಟ್ಟು ಹಸಿದವರಿಗೆ ಉದ್ದರಿ ಕೊಟ್ಟ. ಉಳ್ಳವರಿಂದ ಹಣ ಕೂಡಿಸಿ ರೊಟ್ಟಿಯ ಭಟ್ಟಿಯನ್ನು ಕಟ್ಟಿಸಿದ. 1854ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಧರ್ಮಾರ್ಥ ಸಂಘವೊಂದನ್ನು ಸ್ಥಾಪಿಸಿ ಬಡ ರೈತರಿಗೆ ಸಾಲವನ್ನೂ ಅನಾಥ ಮಕ್ಕಳಿಗೆ ಆಸರೆಯನ್ನೂ ಕೊಡಿಸಿದ. ಇದೆಲ್ಲ ದಾನದ ಮಾರ್ಗ. ಕ್ರಿಸ್ತನು ಹೇಳಿದ ನೆರೆಯವರ ಪ್ರೀತಿಯೆಂದರೆ ಇದೇ ಎಂದು ಅವನ ನಂಬಿಕೆ.

ಆದರೆ ಕಾಲ ಕಳೆದಂತೆ ಉಳ್ಳವರ ಉತ್ಸಾಹ ಇಳಿಯಿತು. ಕೊಡುವವರು ಒಂದು ಕಡೆ, ಪಡೆಯುವವರು ಒಂದು ಕಡೆ ಆದ್ದರಿಂದ ಸಂಘ ಯಾರದೂ ಆಗಲಿಲ್ಲ. ತನ್ನ ಮೊದಲ ನಂಬಿಕೆಯನ್ನು ಬಿಡಲು ರೈಫೈಸನ್ನನಿಗೆ ಸುಲಭವಾಗಲಿಲ್ಲ. ಕೊನೆಗೆ 1864ರಲ್ಲಿ ಸಂಘದ ಬುಡವನ್ನೇ ಬದಲಿಸಿದ: ಸಾಲ ಪಡೆಯುವವನೇ ಸಂಘದ ಸದಸ್ಯ, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಸಂಘದ ಎಲ್ಲೆ ಒಂದು ಊರಿನಷ್ಟು ಅಥವಾ ಒಂದು ಚರ್ಚಿನ ಒಕ್ಕಲಿನಷ್ಟು ಮಾತ್ರ, ಏಕೆಂದರೆ ಒಬ್ಬರನ್ನೊಬ್ಬರು ಬಲ್ಲವರೇ ಒಬ್ಬರಿಗೊಬ್ಬರು ಹೊಣೆ ನಿಲ್ಲಬಲ್ಲರು. ಆಡಳಿತ ನೋಡುವವರಿಗೆ ಸಂಬಳವಿಲ್ಲ; ಲೆಕ್ಕ ಬರೆಯುವವನಿಗೆ ಮಾತ್ರ ಉಂಟು. ಲಾಭವನ್ನು ಹಂಚಿಕೊಳ್ಳದೆ ಸಂಘದ ನಿಧಿಗೆ ಸೇರಿಸಬೇಕು. ಕಣ್ಣು ಹೆಚ್ಚುಕಡಿಮೆ ಕುರುಡಾಗಿದ್ದ ಅವನು ಮಗಳಿಗೆ ಹೇಳಿ ಬರೆಯಿಸಿದ ಪುಸ್ತಕ 1866ರಲ್ಲಿ ಹೊರಬಂದು ಈ ವಿಚಾರವನ್ನು ದೇಶದೇಶಕ್ಕೆ ಒಯ್ದಿತು. ದಾನಿಯಾಗಿ ಮೊದಲುಮಾಡಿದವನು ದಾನದ ಕೊರತೆಯನ್ನು ಕಂಡು ಹೊಣೆಗಾರಿಕೆಗೆ ಬಂದುದು ಇಲ್ಲಿಯ ವಿಶೇಷ.

ಆ ಹೊತ್ತಿಗೆ ನಮ್ಮ ದೇಶದ ರೈತ ಸಾಹುಕಾರನ ಖಾತೆಪುಸ್ತಕದಲ್ಲಿ ಸಿಕ್ಕಿಬಿದ್ದಿದ್ದ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟರು. ದಂಗೆ ಹತ್ತಾರು ಊರುಗಳಿಗೆ ಹಬ್ಬಿತು. ಅವರು ಸುಟ್ಟದ್ದು ಮುಖ್ಯವಾಗಿ ಕಾಗದವನ್ನು ಎಂಬುದರಲ್ಲಿ ಅರ್ಥವಿದೆ: ಅದು ಒಬ್ಬನೇ ಕುಳಿತು ಬರೆದ, ಇನ್ನೊಬ್ಬನು ಓದಲಾರದ ಲೆಕ್ಕವಾಗಿತ್ತು. ಮರುವರ್ಷವೇ ಮೊದಲಾಗಿ 1878ರವರೆಗೆ ದಕ್ಷಿಣದಲ್ಲೆಲ್ಲ ಘೋರ ಬರಗಾಲ. ಮುಂದೆ ಮದರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಯುರೋಪಿನ ಸಾಲದ ಸಂಘಗಳನ್ನು ಅಭ್ಯಾಸಮಾಡಿ 1895 ಮತ್ತು 1897ರಲ್ಲಿ ವರದಿಗಳನ್ನು ಕೊಟ್ಟ. ಈ ದೇಶಕ್ಕೆ ಬೇಕಾದುದು ರೈಫೈಸನ್ನನಂಥವನೊಬ್ಬ, ಅವನನ್ನು ಹುಡುಕಿರಿ ಎಂಬುದು ಆ ದೊಡ್ಡ ವರದಿಯ ಸಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಬಾರದೆಂದೂ ಲಾಭ ಕಾಯ್ದಿಟ್ಟ ನಿಧಿಗೆ ಹೋಗಬೇಕೆಂದೂ ಅದು ವಿಧಿಸಿತು. ರೈಫೈಸನ್ನನ ಊರಿನ ಕಟ್ಟಳೆಯೇ ಇದು.

ಕಾಯಿದೆ ಬಂದರೆ ಸಂಘ ಬಂದಂತಾಗಲಿಲ್ಲ. ಹೊಣೆ ಹೊರುವ ಊರು ಬೇಕಿತ್ತು. ಅದು ಸಿಕ್ಕಿದ್ದು ಗದಗಿನ ಹತ್ತಿರದ ಕಣಗಿನಹಾಳದಲ್ಲಿ. 1905ರ ಮೇ 8ರಂದು, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಸ್ಥಾಪನೆಯಾದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಗಿದೆ. ಸಿದ್ಧನಗೌಡರನ್ನು ಸಹಕಾರದ ಪಿತಾಮಹರೆಂದು ನಾಡು ನೆನೆಯುತ್ತದೆ. ನನ್ನ ಮಟ್ಟಿಗೆ ಆ ಊರಿನ ದೊಡ್ಡತನ ಮೊದಲನೆಯದಾಗಿರುವುದರಲ್ಲಿ ಅಲ್ಲ. ಮಿತಿಯಿಲ್ಲದ ಹೊಣೆಯೆಂದರೆ ಏನೆಂದು ಒಂದು ಗಳಿಗೆ ಯೋಚಿಸಿರಿ. ನೆರೆಯವನು ಸಾಲ ತಿರುಗಿಸದಿದ್ದರೆ ನನ್ನ ಹೊಲ ಅದಕ್ಕೆ ಉತ್ತರ ಹೇಳಬೇಕು. ನಾನು ತಿರುಗಿಸದಿದ್ದರೆ ಅವನ ಎತ್ತು. ತಮ್ಮ ಊರಿನವರ ಮೇಲೆ ಅಷ್ಟು ನೆಚ್ಚಿಗೆಯಿಟ್ಟು ಹೆಬ್ಬೆಟ್ಟು ಒತ್ತಲು, ಸಹಿ ಹಾಕಲು ಎಂಥ ಎದೆ ಬೇಕು! ಅಲ್ಲಿ ಸೇರಿದವರು ಸುವಾರ್ತೆಯನ್ನು ಓದಿ ಸೇರಿದವರಲ್ಲ. ಜರ್ಮನಿಯ ಒಬ್ಬ ಭಕ್ತ ತನ್ನ ಧರ್ಮದಿಂದ ಕಡೆದು ತೆಗೆದ ಬೆಣ್ಣೆಯನ್ನು ಕಣಗಿನಹಾಳದ ರೈತರು ತಮ್ಮ ರೊಟ್ಟಿಗೆ ಹಚ್ಚಿಕೊಂಡರು. ಯಾರ ಜಾತಿಯೂ ಕೆಡಲಿಲ್ಲ. ಮುಂದೆ 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟಕ್ಕೆಂದೇ ಸಹಕಾರಿ ಸಂಘ ಹುಟ್ಟಿತು. ಕಲಬೆರಕೆಯನ್ನು ತಡೆಯಲು ಕಾಯಿದೆಯ ಬೆತ್ತ ಬೇಕಾಗಿದ್ದ ಅದೇ ಅರಳೆಯನ್ನು ಬೆಳೆದವರೇ ಕೂಡಿ ಮಾರುವ ದಿನವೂ ಬಂದಿತು.

ಇಷ್ಟು ಹೇಳಿದ ಮೇಲೆ ಓದುಗರಲ್ಲಿ ಕೆಲವರು ನಗುತ್ತಿರಬಹುದು. ಸೊಸೈಟಿಗಳ ಈಗಿನ ಅವಸ್ಥೆ ಇವರಿಗೆ ತಿಳಿಯದೆ ಎಂದು ಕೇಳಬಹುದು. ತಿಳಿದಿದೆ. ಇಲ್ಲದ ಹೆಸರಿಗೆ ಸಾಲ ಬರೆದ ಕಾರ್ಯದರ್ಶಿಗಳ ಕಥೆಗಳನ್ನು ನಾನೂ ಕೇಳಿದ್ದೇನೆ. ಸಾಲ ಮನ್ನಾ ಆದೀತೆಂದು ಕಟ್ಟಬಲ್ಲವರೂ ಕಟ್ಟದೆ ಕುಳಿತುದನ್ನು ಕಂಡಿದ್ದೇನೆ. ಒಬ್ಬನ ಹಗೇವಿನಲ್ಲಿ ಇರುವ ಲೋಭ ಹತ್ತು ಮಂದಿಯ ಪೆಟ್ಟಿಗೆಯಲ್ಲಿ ಇರದೆಂದು ಯಾರೂ ಭಾವಿಸಬಾರದು. ಯೇಸುವಿನ ಹನ್ನೆರಡು ಮಂದಿ ಶಿಷ್ಯರಿಗೂ ಒಂದು ಸಾಮಾನ್ಯ ಹಣದ ಚೀಲವಿತ್ತು. ಅದನ್ನು ಇಟ್ಟುಕೊಂಡಿದ್ದವನು ಯೂದ, ಮತ್ತು ಅವನು ಅದರಿಂದ ಕದಿಯುತ್ತಿದ್ದನೆಂದು ಯೋಹಾನನ ಸುವಾರ್ತೆ ಮುಚ್ಚುಮರೆಯಿಲ್ಲದೆ ಬರೆಯುತ್ತದೆ. ಬಡವರಿಗೆ ಕೊಡಬಹುದಾಗಿದ್ದ ಹಣ ವ್ಯರ್ಥವಾಯಿತೆಂದು ಒಮ್ಮೆ ಜೋರಾಗಿ ಆಕ್ಷೇಪಿಸಿದವನೂ ಅವನೇ! ಸೇವೆಯ ಹೆಸರನ್ನು ಲೋಭ ಎಷ್ಟು ಚೆನ್ನಾಗಿ ಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದಿಸಭೆಯಲ್ಲಿ ಅನನೀಯನೆಂಬವನು ಹೊಲ ಮಾರಿ, ಹಣದಲ್ಲಿ ಸ್ವಲ್ಪವನ್ನು ಉಳಿಸಿಕೊಂಡು, ಎಲ್ಲವನ್ನೂ ಕೊಟ್ಟಂತೆ ತೋರಿಸಿದ. ಹೊಲ ನಿನ್ನದೇ ಆಗಿತ್ತು, ಹಣವೂ ನಿನ್ನದೇ ಆಗಿತ್ತು, ಉಳಿಸಿಕೊಳ್ಳಬಹುದಾಗಿತ್ತು ಎಂದೇ ಪೇತ್ರನು ಅವನಿಗೆ ಹೇಳಿದ. ತಪ್ಪು ಉಳಿಸಿಕೊಂಡದ್ದರಲ್ಲಿ ಅಲ್ಲ, ತೋರಿಸಿದ್ದರಲ್ಲಿ. ಸಭೆಯ ಮುಂದಿನ ಚರಿತ್ರೆಯೂ ಈ ರೋಗದಿಂದ ತಪ್ಪಿಸಿಕೊಳ್ಳಲಿಲ್ಲ. ಪಾಪಕ್ಷಮೆಯ ಪತ್ರಗಳನ್ನು ಹಣಕ್ಕೆ ಮಾರಿದ್ದರಿಂದಲೇ 1517ರಲ್ಲಿ ಲೂಥರ್ ಸಿಡಿದೆದ್ದದ್ದು ಲೋಕಕ್ಕೆ ಗೊತ್ತು. ಧರ್ಮ ಮನುಷ್ಯನನ್ನು ಲೋಭದಿಂದ ತಾನಾಗಿ ಬಿಡಿಸಿಬಿಡುತ್ತದೆಂದು ನಂಬಿದರೆ ಆ ಧರ್ಮದ ಪುಸ್ತಕವೇ ನಮ್ಮನ್ನು ತಿದ್ದುತ್ತದೆ.

ಹಾಗಾದರೆ ಏನು ಮಾಡಬೇಕು? ಪೌಲ ಮಾಡಿದ್ದನ್ನು ಮಾಡಬೇಕು. ಯೆರೂಸಲೇಮಿನ ಬಡವರಿಗೆಂದು ಅವನು ಊರೂರಿನ ಸಭೆಗಳಿಂದ ಹಣ ಕೂಡಿಸುತ್ತಿದ್ದ. ದೇವರ ಅಪೊಸ್ತಲನಾದ ತನ್ನನ್ನು ಜನ ನಂಬಬೇಕೆಂದು ಅವನು ಹೇಳಬಹುದಾಗಿತ್ತು. ಹೇಳಲಿಲ್ಲ. ಸಭೆಗಳವರು ಆರಿಸಿದ ಒಬ್ಬನನ್ನು ಜೊತೆಗಿಟ್ಟುಕೊಂಡು ಹಣದ ಕೆಲಸ ನಡೆಸಿದ. ದೇವರ ಎದುರಿಗೆ ಸರಿಯಾಗಿದ್ದರಷ್ಟೇ ಸಾಲದು, ಮನುಷ್ಯರ ಎದುರಿಗೂ ಸರಿಯಾಗಿ ಕಾಣಬೇಕೆಂದು ಕೊರಿಂಥದವರಿಗೆ ಬರೆದ. ನನ್ನ ಅಂತರಾತ್ಮಕ್ಕೆ ಗೊತ್ತು ಎಂಬ ಮಾತು ನಮ್ಮ ಸಾರ್ವಜನಿಕ ಜೀವನದಲ್ಲಿ ಎಷ್ಟು ಸಲ ಕೇಳಿಬರುತ್ತದೆ! ಅಂತರಾತ್ಮಕ್ಕೆ ಗೊತ್ತಿರುವುದನ್ನು ಪುಸ್ತಕದಲ್ಲಿ ಬರೆದು ನಾಲ್ವರಿಗೆ ತೋರಿಸಲು ಏನು ಅಡ್ಡಿ? ದೇವಸ್ಥಾನದ ಕಮಿಟಿಯಾಗಲಿ, ನೇಕಾರರ ಸಂಘವಾಗಲಿ, ಗಣೇಶೋತ್ಸವದ ಪಟ್ಟಿಯಾಗಲಿ, ಊರ ಸೇವೆಯ ಮೊದಲ ಪಾಠ ಇದು. ಹಾರ ಹಾಕಿಸಿಕೊಳ್ಳುವ ಸೇವೆಗೆ ಜನ ಬಹಳ. ಸಂಜೆ ಹೊತ್ತು ಚಿಮಣಿ ಬೆಳಕಿನಲ್ಲಿ ಕುಳಿತು ಪರರ ಪೈಸೆ ಪೈಸೆಯನ್ನು ಸರಿಹೊಂದಿಸಿ ಬರೆದಿಟ್ಟ ಆ ಹಳೆಯ ಸಂಘಗಳ ಲೆಕ್ಕಿಗರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಊರು ನಿಂತದ್ದು ಅವರಿಂದ.

ಅತ್ತಿಮಬ್ಬೆಯ ದಾನವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಸಾಲ ತೀರಿದ ಕೈಯಿಂದ ಬರುವ ದಾನಕ್ಕೆ ಬೇರೆಯ ಬೆಳಕಿರುತ್ತದೆ. ನಾನು ಹೇಳುವುದು ಸರದಿಯ ಮಾತು: ಮೊದಲು ಋಣ, ಆಮೇಲೆ ದಾನ. ಈ ಸರದಿ ತಪ್ಪಿದರೆ ಗುಡಿ ಏಳುತ್ತದೆ, ಶಾಲೆ ಏಳುತ್ತದೆ, ನಡುವೆ ಇಬ್ಬರು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಾರದೆ ಹೋಗುತ್ತಾರೆ.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ನಾನು ಅಣ್ಣನ ಮನೆಗೆ ಹೋದೆ. ಮೂರು ವರ್ಷದ ಲಾವಣಿಯ ಲೆಕ್ಕವನ್ನು ಒಂದು ಕಾಗದದ ಮೇಲೆ ಬರೆದಿದ್ದೆ. ಔಷಧದ ಚೀಟಿಗಳು ಸಿಕ್ಕವನ್ನು ಸೇರಿಸಿದ್ದೆ, ಸಿಗದವನ್ನು ಬಿಟ್ಟಿದ್ದೆ. ಹಣವನ್ನು ಮುಂದಿಟ್ಟೆ. ಇರಲಿ ಬಿಡು, ತಮ್ಮಾ, ನಮ್ಮೊಳಗೇನು ಲೆಕ್ಕ ಎಂದು ಅವನು ಹೇಳಿಯಾನೆಂದು ದಾರಿಯುದ್ದಕ್ಕೂ ಒಳಗೊಳಗೇ ನಂಬಿಕೊಂಡು ಬಂದಿದ್ದೆ. ಅವನು ಹಾಗೆ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಒಂದು ಕಡೆ ನಾನು ಕೂಡಿಸಿದ್ದು ತಪ್ಪಿತ್ತು, ಅದನ್ನು ತೋರಿಸಿದ. ಆ ತಪ್ಪು ನನಗೇ ನಷ್ಟವಾಗುವಂಥದಿತ್ತು. ಹೆಚ್ಚಾದ ನೋಟುಗಳನ್ನು ತೆಗೆದು ನನ್ನ ಕಡೆ ಸರಿಸಿ, ಉಳಿದದ್ದನ್ನು ಎರಡು ಸಲ ಎಣಿಸಿಕೊಂಡ. ಎಣಿಸುತ್ತಿರುವಾಗ ನನಗೆ ನೋವಾಯಿತೆಂಬುದನ್ನು ಮುಚ್ಚಿಡಲಾರೆ. ಎಣಿಸಿ ಮುಗಿದ ಮೇಲೆ ಒಳಗೆ ಕೂಗಿ ಹೇಳಿದ: “ತಮ್ಮ ಊಟಕ್ಕ ಇರ್ತಾನ, ಎರಡು ರೊಟ್ಟಿ ಹೆಚ್ಚಿಗೆ ಬಡೀರಿ.”